ಗಡ್ಡಿ ವಾಡೇಕ ನಮ್ಮ ಬಾಗ್ಲ

ಕಲ್ಲಂಗಡಿ ಹಣ್ಣು ಕಂಡ್ರ ನನ್ನ ಕೈ ಸುಮ್ಮನ ಇರಂಗಿಲ್ಲ. ಅದನ್ನ ಎತ್ತಿ ಕಿವಿ ಹತ್ರ ಹಿಡಕೊಂಡು, ಬಟ್ಟಿನ ಗೆಣ್ಣಿಲೆ ಟಕ್ ಟಕ್ ಅಂತ ಬಡದು, ಅದು ಏನು ಹೇಳ್ತದ ಅಂತ ಕೇಳಿದ ಮ್ಯಾಲೇ ನನಗ ಸಮಾಧಾನ. ಮೊನ್ನೆ ರಾಯಚೂರಿನ ತೀನ್ ಕಂದೀಲ್ ಹತ್ರ ಬಂಡಿಯಾಗ ಹಣ್ಣು ಮಾರಾವನ ಮುಂದ ನಿಂತು ಇದನ್ನೇ ಮಾಡಾಕತ್ತಿದ್ದೆ. ಒಂದು ಬಡದೆ, ಒಲ್ಲೆ ಅಂತ ಇಟ್ಟೆ. ಮತ್ತೊಂದು ಬಡದೆ, ಅದನ್ನೂ ಇಟ್ಟೆ. ಅವನಿಗೆ ಸಾಕಾಗಿ ಹೋತು.

"ಅಕ್ಕಾರ, ಹಣ್ಣು ತಗೊಳ್ಳಾಕ ಬಂದೀರೋ, ತಬಲಾ ಕಲಿಯಾಕ ಬಂದೀರೋ?"

"ತಮ್ಮಾ, ನಾನು ಹೊಳಿ ಉಸುಕಿನಾಗ ಹಣ್ಣು ಬೆಳದಾಕಿ. ನನಗ ಹೇಳಬ್ಯಾಡ."

"ಹಂಗಾದ್ರ ನೀವು ಬಂಡಿ ಹಚ್ಚರಿ, ನಾನು ಬಂದು ಬಡೀತೀನಿ," ಅಂದ.

ಸುತ್ತ ನಿಂತವರು ನಕ್ಕರು. ನನ್ನ ಮಗಳು ನನ್ನ ಕೈ ಹಿಡದು ಎಳದ್ಲು. ಇಷ್ಟು ವರ್ಷ ಸಾಲಿಯಾಗ ಹುಡುಗರ ಬಾಯಿ ಮುಚ್ಚಿಸಿದಾಕಿ ನಾನು, ಅವತ್ತು ಒಂದು ಹಣ್ಣಿನ ಬಂಡಿ ಮುಂದ ಬಾಯಿ ಮುಚ್ಚಿಕೊಂಡು ಬಂದೆ. ಹಣ್ಣೂ ತರ್ಲಿಲ್ಲ.

ಹೊಳಿ ಉಸುಕು ಅಂದೆನಲ್ಲ, ಅದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮೂರು ದೇವದುರ್ಗ ತಾಲೂಕಿನಾಗ, ಕೃಷ್ಣಾ ಹೊಳಿ ದಂಡಿಮ್ಯಾಲ. ಗೂಗಲ್ ಅನ್ನೂ ಊರಿನ ಅಲ್ಲಮಪ್ರಭು ಗುಡಿ ಮುಂದ ಹರಿಯೋ ನೀರು ಮೊದಲು ನಮ್ಮೂರು ದಾಟಿಕೊಂಡೇ ಹೋಗಬೇಕು. ಜಾಲಹಳ್ಳಿ ಬಸ್ಸಿಗೆ ಕುಂತು ನಡುವ ಇಳದ್ರ, ಅಲ್ಲಿಂದ ಮುಂದ ನಿಮ್ಮ ಕಾಲು, ನಿಮ್ಮ ನಸೀಬು. ಹೊಲ ಇದ್ದವರೆಲ್ಲ ಮ್ಯಾಲಿನ ಓಣಿಯವರು. ಕೆಳಗಿನ ಓಣಿಯವರಾದ ನಮಗ ಗೇಣು ಭೂಮಿ ಇದ್ದಿಲ್ಲ. ಆದ್ರ ಸಂಕ್ರಾಂತಿ ಹೊತ್ತಿಗೆ ಹೊಳಿ ಇಳಿಯಾಕ ಸುರು ಆಗ್ತಿತ್ತು ನೋಡ್ರಿ, ಅವಾಗ ನೀರು ಬಿಟ್ಟುಹೋದ ಉಸುಕು ಯಾರದೂ ಅಲ್ಲ. ಯಾರದೂ ಅಲ್ಲ ಅಂದ್ರ ನಮ್ಮದು.

ಆ ಉಸುಕು ತೋಡೂದು. ಹಸಿ ಹತ್ತಿದ ಕೂಡ್ಲೇ ನಿಲ್ಲಿಸಿ, ಗುಣಿಯೊಳಗ ಕುರಿ ಹಿಕ್ಕಿ, ಒಂದಿಷ್ಟು ಮಣ್ಣು ಹಾಕಿ ಬೀಜ ಊರೂದು. ಹಿಕ್ಕಿ ಕೊಡಾವರು ಹೊಳಿ ದಂಡಿಗೆ ಕುರಿ ತರುಬುತ್ತಿದ್ದ ಕುರುಬರು. ಅದರ ಬದಲಿಗೆ ಬ್ಯಾಸಗ್ಯಾಗ ಅವರಿಗೆ ಹಣ್ಣು. ದಿನಾ ಮುಂಜಾನಿ ಉಸುಕಿನಾಗ ನೀರು ಜಿನುಗೂ ವರ್ತಿ ತೋಡಿ, ಕೊಡ ತುಂಬಿ, ಒಂದೊಂದು ಗುಣಿಗೂ ಹನಿ ಚೆಲ್ಲದಂಗ ನೀರು ಹಾಕಬೇಕು. ಹೋಳಿಹುಣ್ಣಿವಿ ದಾಟಿದ್ರ ಬಳ್ಳಿ ಉಸುಕು ಕಾಣದಂಗ ಹಬ್ಬತಿತ್ತು. ಆ ಹಣ್ಣಿನ ರುಚಿ ಬಗ್ಗೆ ನನ್ನನ್ನ ಕೇಳಬ್ಯಾಡ್ರಿ, ನಾನು ಜಗಳಕ್ಕ ನಿಲ್ತೀನಿ. ಈಗಿನ ಹಣ್ಣು ಬರೇ ಕೆಂಪು ನೀರು.

ನಮ್ಮ ಮನಿಯವರು ಉಸುಕು ಹಿಡೀತಿದ್ದದ್ದು ದಂಡಿಗಲ್ಲ, ಹೊಳಿ ನಡುವಿನ ಗಡ್ಡಿಗೆ. ಗಡ್ಡಿ ಅಂದ್ರ ಸುತ್ತ ನೀರು, ನಡುವ ನೆಲ. ಬ್ಯಾಸಗ್ಯಾಗ ಅರ್ಧ ದಾರಿ ನಡದು, ಇನ್ನರ್ಧ ಅಂಬಿಗರ ತಾತನ ಹರಗೋಲಿನಾಗ ಹೋಗಬೇಕು. ಬುಟ್ಟಿಯಂಥ ಆ ಹರಗೋಲು ನೀರಿನಾಗ ಗಿರ್ರನ ತಿರಗೂದು ಕಂಡು ನಾನು ಕಣ್ಣು ಮುಚ್ಚಿ ಆಯಿ ಸೆರಗು ಹಿಡೀತಿದ್ದೆ. ಆಯಿ ಅಂದ್ರ ನಮ್ಮಪ್ಪನ ಅವ್ವ. "ಹೊಳಿ ದಂಡಿಮ್ಯಾಲ ಹುಟ್ಟಿ ನೀರಿಗೆ ಅಂಜತೀ ಅಲ್ಲಬೇ, ನಿನ್ನ ಗೂಗಲ್ ಗುಡಿ ಮುಂದ ನಿಲ್ಲಿಸಿ ಮೂರು ಮುಳುಗು ಹಾಕಿಸಬೇಕು," ಅಂತಿದ್ಲು. ಹಾಕಿಸಲಿಲ್ಲ. ನಾನು ಇವತ್ತಿಗೂ ನೀರಿಗೆ ಅಂಜತೀನಿ.

ಗಡ್ಡಿಮ್ಯಾಲ ಒಂದು ವಾಡೆ ಇತ್ತು. ಇತ್ತು ಅಂದ್ರ, ಇದ್ದದ್ದು ಹೋಗಿ ಉಳದದ್ದು ಇತ್ತು. ಕರೀ ಕಲ್ಲಿನ ಎತ್ತರದ ಗೋಡಿ, ಗೋಡಿ ಸೀಳಿಕೊಂಡು ಬೆಳದ ಬಸರಿ ಗಿಡ, ಒಳಗ ಮಾಳಿಗಿ ಬಿದ್ದು ಅರ್ಧ ಚಾವಣಿ ಉಳದ ಪಡಸಾಲಿ. ಪಡಸಾಲಿ ಕಂಬಕ್ಕ ಬಳ್ಳಿ, ಹಕ್ಕಿ ಕೆತ್ತಿದ್ರು. ದೀಪ ಇಡೂ ಗೂಡಿನಾಗ ಪಾರಿವಾಳ ತತ್ತಿ ಇಡ್ತಿದ್ವು. ಗಡ್ಡಿ ಎತ್ತರದ ಬದಿಗೆ, ಬಂಡಿಗಲ್ಲಿನ ಮ್ಯಾಲ, ಆನಿ ಹೋಗೂವಂಥ ದೊಡ್ಡ ಬಾಗ್ಲ. ಕದ ಎಂದೋ ಹೋಗಿತ್ತು. ಚೌಕಟ್ಟು, ಹೊಸ್ತಿಲ, ಮುಂದಿನ ಮೆಟ್ಲ ಗಟ್ಟಿ ಇದ್ವು.

ಯಾರು ಕಟ್ಟಿಸಿದ್ರು? ಸಾಲಿ ಮಾಸ್ತರು ಬಹಮನಿ ಸುಲ್ತಾನರಿಗಿಂತ ಮೊದಲಿಂದು ಅಂತಿದ್ರು. ಅಂಬಿಗರ ತಾತ, ಯಾವುದೋ ನಾಯಕ ತನ್ನ ಕಿರೀ ಹೆಂಡತಿಗೆ ಕಟ್ಟಿಸಿದ್ದು ಅಂತಿದ್ದ. ಹಿರೀ ಹೆಂಡತಿಗೆ ಈಸು ಬರ್ತಿದ್ದಿಲ್ಲಂತ. ಆಯಿನ್ನ ಕೇಳಿದ್ರ, "ಕಟ್ಟಿಸಿದವರು ಯಾರೋ ನನಗ ಗೊತ್ತಿಲ್ಲ. ಕಲ್ಲು ಹೊತ್ತವರು ಯಾರು ಅಂತ ಗೊತ್ತದ," ಅಂದು ಎಲಿ ಅಡಿಕಿ ಬಾಯಾಗ ಹಾಕ್ಕೋತಿದ್ಲು.

ಅಲ್ಲಿ ಯಾರೂ ಇದ್ದದ್ದನ್ನ ಆಯಿ ನೋಡಿಲ್ಲ, ಆಯಿ ಆಯಿನೂ ನೋಡಿಲ್ಲ. ಆದ್ರೂ ಕೆಳಗಿನ ಓಣಿಯವರು ಆ ದೊಡ್ಡ ಬಾಗ್ಲದ ಮುಂದ ಹಾಯಬೇಕಾದ್ರ ಚಪ್ಲಿ ತಗದು ಕೈಯಾಗ ಹಿಡಕೋತಿದ್ವಿ. ಬ್ಯಾಸಗಿ ನಡು ಮಧ್ಯಾನದಾಗ ಆ ಬಂಡಿಗಲ್ಲು ಹೆಂಗ ಕಾಯತಿತ್ತು ಅಂತೀರಿ? ರೊಟ್ಟಿ ಹಾಕಿದ್ರ ಬೇಯತಿತ್ತು. ನಾವು ಚಪ್ಲಿ ಕೈಯಾಗ ಹಿಡಕೊಂಡು, ಹಾ ಹೂ ಅನಕೋತ ಕುಣಕೊಂಡು ದಾಟಿ, ಆ ಕಡೀ ಹೋಗಿ ಮತ್ತ ಹಾಕ್ಕೋತಿದ್ವಿ. ಒಳಗ ಇದ್ದದ್ದು ಓತಿಕ್ಯಾತ ಮತ್ತ ಪಾರಿವಾಳ. ಅವು ನಮ್ಮನ್ನ ನೋಡಿ ಏನು ತಿಳಕೋತಿದ್ವೋ ಏನೋ.

ಇನ್ನ ಒಳಗ ಹೋಗೂದು. ಮಧ್ಯಾನ ನೆಳ್ಳಿಗೆ, ಕಿತ್ತಿದ ಹಣ್ಣು ತಂಪಿನಾಗ ಇಡಾಕ ನಮಗ ಪಡಸಾಲಿ ಬೇಕಾಗ್ತಿತ್ತು. ದೊಡ್ಡ ಬಾಗ್ಲದಿಂದ ಹೋದ್ರ ಪಡಸಾಲಿ ಮುಂದೇ ಅದ. ಆದ್ರ ನಾವು ಹಂಗ ಹೋಗ್ತಿದ್ದಿಲ್ಲ. ಇಡೀ ಗೋಡಿ ಸುತ್ತು ಹಾಕಿ, ಕೆಳಗ ಉಸುಕಿನ ಬದಿಗೆ ಹೋದ್ರ, ಬಸರಿ ಬೇರು ಒಡದ ಒಂದು ಕಿಂಡಿ ಇತ್ತು. ಅದರಾಗ ಬಗ್ಗಿ, ಬುಟ್ಟಿ ಮೊದಲು ನೂಕಿ, ಆಮ್ಯಾಲ ನಾವು ನುಸುಳಿ, ಹಿಂದಿನ ಅಂಗಳಕ್ಕ ಇಳದು, ಅಲ್ಲಿಂದ ಮೆಟ್ಲ ಏರಿ ಪಡಸಾಲಿಗೆ ಬರ್ತಿದ್ವಿ. ಕಿಂಡಿ ಬೀಳೂಕಿಂತ ಮುಂಚೇನೂ ಅಲ್ಲೊಂದು ಸಣ್ಣ ಬಾಗ್ಲ ಇತ್ತಂತ. ನಮ್ಮ ಹಿರೇರು ಕಟಗಿ, ಹುಲ್ಲು ಹೊತ್ತು ತಂದು ಅಲ್ಲೇ ಇಳಸಬೇಕಿತ್ತಂತ. ಅದಕ್ಕ ಓಣ್ಯಾಗ ಆ ಕಿಂಡಿಗೆ ಹೆಸರೇ ಬಿದ್ದಿತ್ತು: ನಮ್ಮ ಬಾಗ್ಲ.

ನನಗ ಇದರಾಗ ಹೆಮ್ಮಿ ಇತ್ತು ಅಂದ್ರ ನೀವು ನಗ್ತೀರಿ. ದೇವದುರ್ಗದ ಹಾಸ್ಟೆಲಿನಾಗ ನಾನು ಗೆಳತ್ಯಾರ ಮುಂದ ಕೊಚ್ಚಿಕೋತಿದ್ದೆ, "ಬ್ಯಾಸಗಿ ಸೂಟಿಗೆ ನಾವು ಗಡ್ಡಿಮ್ಯಾಲ ನಮ್ಮ ವಾಡೇಕ ಹೋಗ್ತೀವಿ" ಅಂತ. ಒಬ್ಬಾಕಿ, "ಬಾಗ್ಲ ಭಾಳ ದೊಡ್ಡದಿರಬೇಕಲ್ಲ?" ಅಂತ ಕೇಳಿದ್ಲು. ನಾನು ಮೂಗು ಮ್ಯಾಲ ಮಾಡಿ, "ದೊಡ್ಡ ಬಾಗ್ಲ ಎಲ್ಲಾರಿಗೂ ಅದ. ನಮಗ ಬ್ಯಾರೇನೇ ಬಾಗ್ಲ ಅದ," ಅಂದೆ. ಹುಡುಗ್ಯಾರು ಬಾಯಿ ತಗದು ನೋಡಿದ್ರು. ನಾನು ಆ ಇಡೀ ವರ್ಷ ರಾಣಿಯಂಗ ತಿರಗಿದೆ.

ನಮ್ಮವ್ವ ಮಾತ್ರ ಈ ಬಾಗ್ಲದ ಮಾತು ಬಂದ್ರ ಉರದು ಬೀಳ್ತಿದ್ಲು. ಅವ್ವ ಮಾನ್ವಿಯಾಕಿ. ಆಕಿ ಅಪ್ಪ ಅಲ್ಲಿ ಹತ್ತಿ ಜಿನ್ನಿನಾಗ ಹಮಾಲ. ಒಂದೇ ಖೋಲಿ ಮನಿ, ಆದ್ರ ಗೋಡಿಮ್ಯಾಲ ನೀಲಿ ಕೋಟಿನವರ ಫೋಟೋ, ಅದಕ್ಕ ದಿನಾ ಹೂವು. ನಾನು ರಜಾದಾಗ ಹೋದ್ರ ಆ ತಾತ ನನ್ನನ್ನ ಮೊದಲು ಫೋಟೋ ಮುಂದ ನಿಲ್ಲಿಸಿ ಮಗ್ಗಿ ಹೇಳಿಸ್ತಿದ್ದ, ಆಮ್ಯಾಲ ತಿನ್ನಾಕ ಚುನಮುರಿ. ಅಂಥ ಮನಿಯಿಂದ ಬಂದಾಕಿ ಅವ್ವ. ಸೊಸಿ ಅನ್ನೂದಕ್ಕ ಕಿಂಡ್ಯಾಗ ನುಸುಳತಿದ್ಲು, ಆದ್ರ ಒಂದು ದಿನಾನೂ ಬಾಯಿ ಮುಚ್ಚಿಕೊಂಡು ನುಸುಳಲಿಲ್ಲ.

"ಅಲ್ರೀ ಅತ್ತಿ, ಒಳಗ ಓತಿಕ್ಯಾತ ಅದಾವ. ಓತಿಕ್ಯಾತಕ್ಕ ಅಂಜಿ ಚಪ್ಲಿ ಬಿಡಬೇಕೇನ್ರಿ?"

"ನಿಮ್ಮ ಮಾನ್ವಿಯಾಗ ಹೊಳಿ ಇಲ್ಲ, ವಾಡೆ ಇಲ್ಲ. ಬಿಸಿಲು ಬಿಟ್ರ ಏನದ ಅಲ್ಲಿ? ನಿನಗೇನು ಗೊತ್ತಾಗ್ತದ?" ಅಂತಿದ್ಲು ಆಯಿ.

"ಬಿಸಿಲಿಗೆ ನಾವು ಚಪ್ಲಿ ಹಾಕ್ಕೊಂಡು ಅಡ್ಡಾಡತೀವ್ರಿ."

ಅತ್ತಿ ಸೊಸಿ ಇಬ್ಬರೂ ಹಟಮಾರಿಗಳು. ನಮ್ಮಪ್ಪ ಜಾಣ, ಶಕ್ತಿನಗರದಾಗ ಕರೆಂಟಿನ ಕಾರ್ಖಾನಿ ಕಟ್ಟಾಕತ್ತಾರ ಅಂತ ಗೊತ್ತಾದ ಕೂಡ್ಲೇ ಗುತ್ತೇದಾರನ ಕೈಕೆಳಗ ಕೆಲಸಕ್ಕ ಹೋಗಿಬಿಟ್ಟ. ಅಲ್ಲಿ ಕಬ್ಬಿಣ ಹೊರೂದು ಹಗುರ ಅಂತಿದ್ದ.

ಆ ವರ್ಷ ಹಂಗಾಮು ಮುಗದು ಎಲ್ಲಾರೂ ಗಡ್ಡಿ ಬಿಟ್ಟು ಹೋಗಿದ್ರು. ನಾವೂ ಬಂದುಬಿಟ್ಟಿದ್ವಿ. ಆದ್ರ ಬೀಜದ ಹಣ್ಣು ಬಳ್ಳಿಮ್ಯಾಲೇ ಬಿಟ್ಟಿದ್ವಿ. ಬೀಜಕ್ಕ ಅಂತ ಆರಿಸಿದ ಹಣ್ಣು ಬಳ್ಳಿ ಒಣಗಿದ ಮ್ಯಾಲೂ ಬಿಸಿಲಾಗ ಕುಂದ್ರಬೇಕು, ಕಡೀಕ ಕೀಳಬೇಕು. ಮಿರಗಾ ಮಳಿ ಕೂಡೂ ದಿನ ಅವು. ಮಾಡ ನೋಡಿ ಅಂಬಿಗರ ತಾತ, "ಬ್ಯಾಡ ತಂಗಿ, ಮ್ಯಾಲಿನ ಸೀಮಿಯಾಗ ಮಳಿ ಬಿದ್ದದಂತ," ಅಂದ. ಆಯಿ, "ಬೀಜ ಬಿಟ್ಟು ಬಂದ್ರ ಮುಂದಿನ ವರ್ಷ ಉಸುಕು ತಿನ್ನೂದೇನು?" ಅಂದ್ಲು. ಆಯಿ ಒಮ್ಮೆ ಅಂದ್ರ ಅಂದಂಗ. ತಾತ ನಮ್ಮ ಮೂವರನ್ನೂ, ಅಂದ್ರ ಆಯಿ, ಅವ್ವ, ನನ್ನನ್ನ, ಗಡ್ಡಿಗೆ ಬಿಟ್ಟು, ಮಧ್ಯಾನಕ್ಕ ಬರ್ತೀನಿ ಅಂತ ಹೋದ.

ಹಣ್ಣು ಕಿತ್ತಿದ್ವಿ. ದೊಡ್ಡ ಬಾಗ್ಲದ ಪಕ್ಕದಾಗ, ಹೊರಗೋಡಿಗೆ ಆನಿಸಿ ನಮ್ಮ ಹಳೇ ಗುಡಿಸಲಾ ಇತ್ತು. ಅಲ್ಲಿ ಕುಂತು ಹಣ್ಣು ಒಡದು ಬೀಜ ತಗದು ಬೂದಿ ಹಚ್ಚಾಕತ್ತಿದ್ವಿ. ಮಳಿ ಸುರು ಆತು. ನಮ್ಮ ಬದಿಗೆ ಜೋರೇನಿಲ್ಲ. ನಾನು ಬೀಜದ ಹಣ್ಣಿನ ತಿರುಳು ತಿನಕೋತ ಕುಂತಿದ್ದೆ. ಅದು ಹುಳಿ ಬಂದಿತ್ತು, ಆದ್ರೂ ಬಿಡ್ಲಿಲ್ಲ. ಆಗ ಅವ್ವ ಎದ್ದು ನಿಂತ್ಲು. "ಅತ್ತಿ, ಹೊಳಿ ಸಪ್ಪಳ ಬದಲಾತು," ಅಂದ್ಲು. ಹೊಳಿ ಇಲ್ಲದ ಊರಾಕಿಗೆ ಮೊದಲು ಕೇಳಸ್ತು ಅದು.

ನೀರು ಕೆಂಪಗ ಬರಾಕತ್ತಿತ್ತು. ನಾವು ಮುಂಜಾನಿ ಇಳದ ಜಾಗ ಹೋಗಿತ್ತು. ಬಳ್ಳಿ ಹಬ್ಬಿದ್ದ ಉಸುಕಿನ ಮ್ಯಾಲ ನೊರಿ ಓಡ್ಯಾಡಾಕತ್ತಿತ್ತು. ನಾನು ಕಿರಚಿದೆ. ಅವ್ವ ನನ್ನ ಬೆನ್ನಿಗೊಂದು ಕೊಟ್ಟು, ಬೀಜದ ಗಂಟು ಕೈಗೆ ತುರಕಿ, ನೀರಿನ ಕೊಡ ತಾನು ಕಂಕುಳಾಗ ಹಿಡಕೊಂಡು, "ಓಡು ಒಳಗ, ಪಡಸಾಲಿಗೆ," ಅಂದ್ಲು.

ಓಡಿದ್ವಿ. ಎಲ್ಲಿಗೆ ಓಡಿದ್ವಿ ಕೇಳ್ರಿ. ದೊಡ್ಡ ಬಾಗ್ಲ ನಮ್ಮ ಗುಡಿಸಲಾದಿಂದ, ಈಗ ನಾನು ಕುಂತಲ್ಲಿಂದ ಅಡಗಿಮನಿ ಎಷ್ಟು ದೂರ ಅದನೋ ಅಷ್ಟು ದೂರ ಇತ್ತು. ಎತ್ತರಕ್ಕ ಇತ್ತು, ಹಾರು ಹೊಡದಿತ್ತು, ತಡಿಯಾವರು ಯಾರೂ ಇದ್ದಿಲ್ಲ. ನಾವು ಅದರ ಮುಂದ ಚಪ್ಲಿ ಕೈಯಾಗ ಹಿಡಕೊಂಡು ಓಡಿ, ಇಡೀ ಗೋಡಿ ಸುತ್ತು ಹಾಕಿ, ನೀರು ಬರೋ ತಗ್ಗಿಗೇ ಹೋದ್ವಿ. ನೀರಿಗೆ ಅಂಜಿ ಓಡಾವರು ನೀರಿನ ಕಡೀಗೇ ಓಡಿದ್ವಿ! ಅವ್ವನೂ ಓಡಿದ್ಲು. ಇಷ್ಟು ವರ್ಷ ಬೈಕೋತ ನುಸುಳಿದಾಕಿ, ಆಕಿ ಕಾಲಿಗೂ ಆ ದಾರಿ ರೂಢಿ ಆಗಿತ್ತು. ಬುದ್ಧಿ ಕೇಳೂಕಿಂತ ಮೊದಲು ಕಾಲು ಓಡಿದ್ವು.

ಕಿಂಡಿ ಅರ್ಧ ಮುಳಗಿತ್ತು. ಒಳಗಿನ ಅಂಗಳದಾಗ ನೀರು ಸುಳಿ ತಿರಗಾಕತ್ತಿತ್ತು. ನಾನು ಬಗ್ಗಾಕ ಹೋದೆ, ಕಾಲ ಕೆಳಗಿನ ಉಸುಕು ಸರ್ರನ ಜಾರ್ತು. ಅವ್ವ ನನ್ನ ಜಡಿ ಹಿಡದು ಹಿಂದಕ್ಕ ಎಳದ್ಲು. ಆ ಉರಿ ಇನ್ನೂ ನೆತ್ತಿಯಾಗ ಅದ. ಅವ್ವ ಒಂದು ಗಳಗಿ ಆ ಕಿಂಡಿ ನೋಡಕೋತ ನಿಂತ್ಲು. ಆಮ್ಯಾಲ ತನ್ನ ಹಣಿ ತಾನೇ ಬಡಕೊಂಡು, "ಥೂ ನಮ್ಮ ಬುದ್ಧಿಗಿಷ್ಟು!" ಅಂದ್ಲು. ಆಯಿ ರಟ್ಟಿ ಹಿಡಕೊಂಡು, ಮೊಣಕಾಲುದ್ದ ನೀರಾಗ ಮತ್ತ ಅದೇ ಗೋಡಿ ಹಿಡಕೊಂಡು ಹಿಂದಕ್ಕ ತಿರಗಿದ್ವಿ. ನಮ್ಮ ಗುಡಿಸಲಾದ ಹುಲ್ಲು ತೇಲಿಕೋತ ನಮ್ಮ ಎದುರಿಗೇ ಬಂತು.

ದೊಡ್ಡ ಬಾಗ್ಲದ ಮೆಟ್ಲಿಗೆ ಬಂದ್ವಿ. ಅವ್ವ ನನ್ನನ್ನ ನೂಕಿದ್ಲು. ನಾನು ಏರಿದೆ. ಹೊಸ್ತಿಲ ದಾಟಿದ ಕೂಡ್ಲೇ ಒಳಗಿನ ಪಾರಿವಾಳ ಎಲ್ಲಾ ಒಮ್ಮೆಲೇ ಭರ್ರನ ಎದ್ವು. ಮಾಲಕರೇ ಬಂದ್ರು ಅಂತ ತಿಳದು ನಾನು ಕೈ ಮುಗದು, "ತಪ್ಪಾತ್ರೀ, ತಪ್ಪಾತ್ರೀ!" ಅಂತ ಒದರಿಬಿಟ್ಟೆ. ಪಾರಿವಾಳದ ಮುಂದ ತಪ್ಪೊಪ್ಪಿಕೊಂಡಾಕಿ ಇಡೀ ರಾಯಚೂರು ಜಿಲ್ಲಾದಾಗ ನಾನೊಬ್ಬಾಕೇ ಇರಬೇಕು.

ತಿರಗಿ ನೋಡಿದ್ರ ಆಯಿ ಕೆಳಗಿನ ಮೆಟ್ಲಮ್ಯಾಲೇ ನಿಂತಿದ್ಲು.

"ಏರ್ರಿ ಅತ್ತಿ," ಅಂದ್ಲು ಅವ್ವ.

"ಒಲ್ಲೆ."

"ನೀರು ಬರಾಕತ್ತದ!"

"ಬರ್ಲಿ. ಹೊಳಿಗೆ ನಾನು ಯಾರಂತ ಗೊತ್ತದ."

"ಹೊಳಿಗೆ ಗೊತ್ತಿದ್ರ ಮ್ಯಾಲ ಯಾಕ ಬರ್ತಿತ್ರಿ? ಏರ್ರಿ ಸುಮ್ಮನ."

ಅವ್ವ ಕೈ ಹಿಡದು ಜಗ್ಗಿದ್ಲು. ಆಯಿ ಕೈ ಕೊಸರಿಕೊಂಡು, ಆ ಮೆಟ್ಲಮ್ಯಾಲೇ ಹೊಳಿ ಕಡೆ ಮುಖ ಮಾಡಿ ಕುಂತುಬಿಟ್ಲು. ನಮ್ಮ ಆಯಿ ಗಟ್ಟಿ ಆಳು, ಅವ್ವ ಕಡ್ಡಿಯಂಥಾಕಿ. ಎತ್ತೂ ಮಾತೇ ಇಲ್ಲ. ನೀರು ಆಯಿ ಪಾದ ಮುಟ್ಟಿತ್ತು. ನಾನು ಮ್ಯಾಲ ನಿಂತು ಅಳಾಕತ್ತಿದ್ದೆ. ನನ್ನ ಆಯಿ ಸಾಯ್ತಾಳ, ನನ್ನ ಕಣ್ಣೆದುರಿಗೇ ಹೊಳಿ ಒಯ್ತದ ಅಂತ ನನಗ ಖಾತ್ರಿ ಆಗಿತ್ತು. ಅಂಥ ಅಂಜಿಕಿ ನಾನು ಆಮ್ಯಾಲ ಎಂದೂ ಕಂಡಿಲ್ಲ.

"ಯಾಕ ಹಟ ಮಾಡ್ತೀರಿ? ಅಂಜಿಕಿ ಏನ್ರಿ ನಿಮಗ?" ಅವ್ವ ಚೀರಿದ್ಲು.

"ನಾನು ಯಾರಿಗೆ ಅಂಜಬೇಕು?" ಆಯಿ ತಿರಗಿ ನೋಡಿದ್ಲು. ಆಕಿ ಕಣ್ಣಾಗ ಅಂಜಿಕಿ ಇದ್ದಿಲ್ಲ, ಸಿಟ್ಟಿತ್ತು. "ಕರೀಲಾರದ ಮನಿಗೆ ನಾನು ಹೋದಾಕಿ ಅಲ್ಲ. ನಮ್ಮ ಹಿರೇರನ್ನ ಕಲ್ಲು ಹೊರಾಕ ಕರದ್ರು, ಕಟಗಿ ಒಗ್ಯಾಕ ಕರದ್ರು. ಒಬ್ಬರಾದ್ರೂ ಇಲ್ಲಿ ನಿಂತು ಒಳಗ ಬರ್ರಿ ಅಂದಾರೇನು? ಅನ್ನಲಿಲ್ಲ. ಈಗ ಮನಿ ಬಿದ್ದದಂತ, ಕೇಳಾವರಿಲ್ಲಂತ ಕಳ್ಳರಂಗ ಹೊಕ್ಕೀನೇನು? ನಮ್ಮ ಬಾಗ್ಲ ಮುಳಗಿತು. ಮುಳಗಲಿ."

ಅವತ್ತಿನ ತನಕ ಅದು ಅಂಜಿಕಿ ಅಂತ ನಾನೂ ತಿಳದಿದ್ದೆ, ಅವ್ವನೂ ತಿಳದಿದ್ಲು. ಅದು ಆಯಿ ಮಾನದ ಪ್ರಶ್ನಿ ಆಗಿತ್ತು.

ಈ ಕರಿಯೂ ಪದ್ಧತಿ ನಮ್ಮ ಕಡೆ ಎಷ್ಟು ಗಟ್ಟಿ ಅಂತ ನಿಮಗ ಗೊತ್ತಿದ್ದದ್ದೇ. ಬಸರಿ ಹೆಂಗಸಿನ ಕುಬುಸ ಇರ್ಲಿ, ಮದಿವಿ ಇರ್ಲಿ, ಮನಿಯಾಕಿ ತಾನೇ ಬಂದು ಬಾಗ್ಲದಾಗ ನಿಂತು ಕುಂಕುಮ ಹಚ್ಚಿ ಬರ್ರಿ ಅನ್ನಬೇಕು. ಆಯಿ ಖಾಸ ತಂಗಿ ಒಮ್ಮೆ ಮಗಳ ಕುಬುಸಕ್ಕ ಸಣ್ಣ ಹುಡುಗನ ಕೈಲೆ ಹೇಳಿ ಕಳಿಸಿದ್ಲು ಅಂತ ಆಯಿ ಹೋಗ್ಲಿಲ್ಲ. ಎದುರು ಮನಿ! ಊಟದ ವಾಸನಿ ನಮ್ಮ ಮನಿಯಾಗ ಬರಾಕತ್ತಿತ್ತು, ಆಯಿ ಬಾಗ್ಲ ಹಾಕ್ಕೊಂಡು ಖಾರ ರೊಟ್ಟಿ ತಿಂದ್ಲು. ಕಡೀಕ ಆ ತಂಗಿ ಅಳಕೋತ ಬಂದು ಕರದ ಮ್ಯಾಲ ಎದ್ದು ಹೋಗಿ, ಹೋಳಿಗಿಗೆ ಬೆಲ್ಲ ಕಡಿಮಿ ಆಗ್ಯಾದ ಅಂತ ಹೇಳಿ ಬಂದ್ಲು.

ಅವ್ವ ಆಯಿನ್ನ ನೋಡಿದ್ಲು, ಬಾಗ್ಲ ನೋಡಿದ್ಲು. ಆಮ್ಯಾಲ ಕಂಕುಳಾಗಿನ ಕೊಡ ಹಿಡಕೊಂಡು ಮೆಟ್ಲ ಏರಿ, ನನ್ನ ದಾಟಿ ಒಳಗ ಹೋಗಿಬಿಟ್ಲು. ಬಿಟ್ಟೇ ಹೋದ್ಲಲ್ಲ ಅಂತ ನನಗ ಎದಿ ಒಡೀತು. ಕೆಳಗ ಆಯಿನೂ ಒಮ್ಮೆ ಕತ್ತು ತಿರಗಿಸಿ ನೋಡಿದ್ಲು.

ಅವ್ವ ಪಡಸಾಲಿ ಚಾವಣಿಯಿಂದ ಸುರಿಯಾಕತ್ತಿದ್ದ ಮಳಿ ನೀರಿಗೆ ಕೊಡ ಹಿಡದ್ಲು. ಹಸಿ ಸೆರಗು ಹಿಂಡಿ, ತಲಿಮ್ಯಾಲ ಸರಿಯಾಗಿ ಹೊದ್ದುಕೊಂಡ್ಲು. ಕೂದಲಾ ಒಳಗ ಸರಿಸಿದ್ಲು. ನನ್ನನ್ನ ಬದಿಗೆ ನಿಲ್ಲಿಸಿ, ಹೊಸ್ತಿಲ ಒಳಗ, ನಟ್ಟ ನಡುವ ಬಂದು ನಿಂತ್ಲು. ಮನಿಗೆ ಬೀಗರು ಬಂದಾಗ ನಿಲ್ತಾರಲ್ಲ, ಹಂಗ.

"ಬರ್ರಿ ಅತ್ತಿ. ಒಳಗ ಬರ್ರಿ," ಅಂದ್ಲು. ಕೊಡ ಮುಂದಕ್ಕ ಹಿಡದ್ಲು. "ಕಾಲಿಗೆ ನೀರು ತಗೋರಿ."

ಆಯಿ ಹುಬ್ಬು ಗಂಟು ಹಾಕಿದ್ಲು. "ಯಾರ ಮನಿಗೆ ಕರ್ಯಾಕತ್ತೀದಿ?"

"ನಮ್ಮನಿಗೆ."

"ಯಾವಾಗಿಂದ ಆತು ನಿಮ್ಮನಿ?"

"ನಾನು ಒಳಗ ನಿಂತೀನಿ, ನೀವು ಹೊರಗ ಅದೀರಿ. ಒಳಗಿದ್ದಾಕಿ ಕರೀಬೇಕು, ಹೊರಗಿದ್ದಾಕಿ ಬರಬೇಕು. ಕಲ್ಲು ಹೊತ್ತವರ ಮನಿ ಇದು. ನಾನು ಈ ಮನಿ ಸೊಸಿ. ಬಾಯಿ ತುಂಬಾ ಕರ್ಯಾಕತ್ತೀನಿ, ಬರ್ರಿ."

ನೀರು ಆಯಿ ಕುಂತ ಮೆಟ್ಲ ನುಂಗಿತ್ತು, ಸೀರಿ ನಿರಿಗಿ ತೇಲಾಕತ್ತಿತ್ತು. ಅವ್ವ ಮತ್ತೊಮ್ಮೆ, ಈಗ ದನಿ ಗಟ್ಟಿ ಮಾಡಿ, "ಬರ್ರಿ," ಅಂದ್ಲು. ಬಾ ಅನ್ನಲಿಲ್ಲ, ಏರ್ರಿ ಅನ್ನಲಿಲ್ಲ. ಬರ್ರಿ.

ಆಯಿ ಎದ್ಲು. ಸೆರಗು ಸರಿ ಮಾಡಿಕೊಂಡು, ಸಾವಕಾಶ, ಒಂದೊಂದೇ ಮೆಟ್ಲ ಏರಿದ್ಲು. ಹೊಳಿ ಬೆನ್ನ ಹಿಂದ ಬರಾಕತ್ತಿತ್ತು, ಆಯಿಗೆ ಗಡಿಬಿಡಿ ಇದ್ದಿಲ್ಲ. ಹೊಸ್ತಿಲ ಮುಂದ ನಿಂತು ಬಲಗಾಲು ಚಾಚಿದ್ಲು. ಅಲ್ಲೀತನಕ ಹೊಳ್ಯಾಗೇ ಇದ್ದ ಕಾಲಿಗೆ ಅವ್ವ ಕೊಡದಿಂದ ನೀರು ಹಾಕಿದ್ಲು. ಆಯಿ ತಿಕ್ಕಿ ತಿಕ್ಕಿ ತೊಳಕೊಂಡ್ಲು.

"ಚಪ್ಲಿ ಎಲ್ಲಿ ಬಿಡ್ಲಿ?" ಅಂದ್ಲು. ಇಷ್ಟಾದ್ರೂ ಕೈಯಾಗ ಹಿಡಕೊಂಡೇ ಇದ್ಲು.

"ಒಳಗ ಬಿಡ್ರಿ ಅತ್ತಿ. ಹೊರಗ ಬಿಟ್ರ ಹೊಳಿ ಒಯ್ತದ."

ಆಯಿ ಒಳಗ ಬಂದು ಚೌಕಟ್ಟಿನ ಬದಿಗೆ ಚಪ್ಲಿ ಜೋಡಿಸಿ ಇಟ್ಲು. ಪಡಸಾಲಿಗೆ ಹೋಗಿ, ನಡುಗೋಡಿಗೆ ಹತ್ತಿದ ಎತ್ತರದ ಕಲ್ಲಿನ ಕಟ್ಟಿಮ್ಯಾಲ ಕುಂತ್ಲು. ಅದರಮ್ಯಾಲ ನಾವು ಯಾರೂ ಎಂದೂ ಕುಂತಿದ್ದಿಲ್ಲ, ಬುಟ್ಟಿ ಸೈತ ಇಟ್ಟಿದ್ದಿಲ್ಲ. ಅಂಗೈಲೆ ಕಲ್ಲು ಒರಸಿ, "ಧೂಳು ಭಾಳದ. ಕಸಾ ಹೊಡದಿಲ್ಲೇನು?" ಅಂತ ಅವ್ವನ್ನ ಕೇಳಿದ್ಲು. ಅವ್ವಗ ನಗು ಬಂತೋ ಅಳು ಬಂತೋ, ಕಂಬ ಹಿಡಕೊಂಡು ಕೆಳಗ ಕುಂತುಬಿಟ್ಲು. ನಾನು ಇಬ್ಬರ ನಡುವ ಹೋಗಿ ತೂರಿಕೊಂಡೆ. ಬೀಜದ ಗಂಟು ನನ್ನ ಮುಷ್ಟಿಯಾಗೇ ಇತ್ತು, ಬಿಡಿಸಿಕೊಳ್ಳಾಕ ಆಯಿ ನನ್ನ ಬಟ್ಟು ಒಂದೊಂದೇ ಎಬ್ಬಿಸಬೇಕಾತು.

ನೀರು ಹೊಸ್ತಿಲಿನ ಕೆಳಗಿನ ಮೆಟ್ಲಿಗೆ ಬಂದು ನಿಂತಿತು.

ಮುಂದಿನ ವರ್ಷದ ಮಾತು ಈಗಲೇ ಹೇಳಿಬಿಡ್ತೀನಿ. ಓಣ್ಯಾಗ ಆ ದೊಡ್ಡ ಬಾಗ್ಲದ ಸಲುವಾಗಿ ದೊಡ್ಡ ಪಂಚಾಯ್ತಿ ನಡೀತು. ಹಿರೇರು ಕೆಲವರು, ಮ್ಯಾಲಿನ ಓಣಿಯವರು ಏನಂದಾರು ಅಂದ್ರು. ಇನ್ನ ಕೆಲವರು, ಹಿಂದಿಂದ ಬಂದದ್ದು ಬಿಡಬಾರದು ಅಂದ್ರು. ಅವ್ವಂದು ಒಂದೇ ಪಾಠ: ತಲಿಮ್ಯಾಲ ಹಣ್ಣಿನ ಬುಟ್ಟಿ, ಕಾಲಾಗ ಚಪ್ಲಿ, ದೊಡ್ಡ ಬಾಗ್ಲದಿಂದ ಒಳಗ, ದೊಡ್ಡ ಬಾಗ್ಲದಿಂದ ಹೊರಗ. ಮೊದಲು ಹುಡುಗರು ಆಕಿ ಹಿಂದ ಹೋದ್ರು, ಆಮ್ಯಾಲ ಅವರವ್ವಂದಿರು. ಕೆಲವರು ಕಡೀತನಕ ಕಿಂಡ್ಯಾಗೇ ನುಸುಳಿದ್ರು. ನಾನು ಹಾಸ್ಟೆಲಿಗೆ ಹೋಗಿ, ನಮಗ ಬ್ಯಾರೆ ಬಾಗ್ಲ ಅದ ಅಂತ ಹೇಳೂದು ಬಿಟ್ಟೆ. ಯಾಕ ಬಿಟ್ಟಿ ಅಂತ ಯಾರೂ ಕೇಳಲಿಲ್ಲ, ಕೇಳಿದ್ರ ಹೇಳಾಕ ಉತ್ತರ ತಯಾರ ಮಾಡಿ ಇಟ್ಟಿದ್ದೆ.

ಆದ್ರ ನಾನು ಹೇಳಬೇಕಾದದ್ದು ಹೊಳಿ ಬಂದ ಮರುದಿನ ಮುಂಜಾನಿದು. ಬೆಳಗಾಗೂದ್ರೊಳಗ ಹೊಳಿ ಇಳದಿತ್ತು. ನಾವು ಪಡಸಾಲಿಯಾಗ ಕುಂತಿದ್ವಿ, ಅಂಬಿಗರ ತಾತನ ದನಿ ಕೇಳಸ್ತು. ಹಿಂದಿನ ಕಿಂಡಿ ಕಡೆ. "ತಂಗೀ! ತಂಗೀ!" ಅಂತ ಒದರಾಕತ್ತಿದ್ದ. ಅಲ್ಲಿ ಕೆಸರು ತುಂಬಿತ್ತು, ಯಾರೂ ಇದ್ದಿಲ್ಲ. ತಾತ ಅಳೂದು ನಮಗ ಕೇಳಸ್ತು, ಗಂಡಸು ದೊಡ್ಡ ದನಿ ತಗದು ಅಳೂದು.

"ಯಣ್ಣಾ, ಇಲ್ಲೇ ಅದೀವಿ! ಮುಂದ ಬಾ!" ಅಂತ ಆಯಿ ಕೂಗಿದ್ಲು.

ತಾತ ಗೋಡಿ ಸುತ್ತಿ ಓಡಿ ಬಂದ. ದೊಡ್ಡ ಬಾಗ್ಲದ ಹೊರಗ, ಕೈಯಾಗ ಹುಟ್ಟು ಹಿಡಕೊಂಡು ನಿಂತು, ಒಳಗ ಕಟ್ಟಿಮ್ಯಾಲ ಕುಂತ ಆಯಿನ್ನ ನೋಡಿದ. ಬದುಕೀರಿ ಅಂತ ಸಂತೋಷ ಪಡೂದೋ, ಅಲ್ಲಿ ಕುಂತೀರಿ ಅಂತ ಗಾಬರಿ ಆಗೂದೋ ಅವನಿಗೇ ತಿಳೀವಲ್ದಾಗಿತ್ತು.

"ಬರ್ರಿ ತಂಗಿ, ಹರಗೋಲು ತಂದೀನಿ. ಹೊರಗ ಬರ್ರಿ," ಅಂದ.

"ಹೋಗೂಣಂತ. ರಾತ್ರಿಯೆಲ್ಲಾ ನಿದ್ದಿ ಮಾಡಿಲ್ಲ ನೀನು, ಮುಖ ನೋಡಿದ್ರ ಗೊತ್ತಾಗ್ತದ. ಒಳಗ ಬಾ, ಗಳಗಿ ಕುಂದ್ರು," ಅಂದ್ಲು ಆಯಿ.

ತಾತ ಕದಲಲಿಲ್ಲ. ಅವನೂ ಆ ಬಾಗ್ಲದಿಂದ ಎಂದೂ ಹೋದಾವಲ್ಲ. ಅಷ್ಟೇ ಅಲ್ಲ, ಜನ್ಮಪೂರ್ತಿ ನಮ್ಮ ಓಣಿಯವರನ್ನ ಹೊಳಿ ದಾಟಿಸಿದ್ರೂ ನಮ್ಮ ಯಾರ ಮನಿ ಹೊಸ್ತಿಲಾನೂ ದಾಟಿದಾವಲ್ಲ, ನಮ್ಮ ಕೈಲೆ ನೀರು ಇಸಕೊಂಡಾವಲ್ಲ. ಆಯಿಗೆ ಇದೆಲ್ಲಾ ಗೊತ್ತಿತ್ತು. ಗೊತ್ತಿದ್ದೇ ಆಕಿ ನನ್ನ ಕಡೆ ತಿರಗಿ ಗದರಿಸಿದ್ಲು.

"ಏನು ನೋಡಕೋತ ಕುಂತೀದಿಬೇ? ಮನಿಗೆ ಬಂದವರನ್ನ ಹೊರಗ ನಿಲ್ಲಸ್ತಾರೇನು? ಕರಿ. ಕಾಲಿಗೆ ನೀರು ಕೊಡು."

ನಾನು ಕೊಡ ಎತ್ತಿಕೊಂಡು ಹೋಗಿ, ಅವ್ವ ನಿಂತಿದ್ದ ಜಾಗದಾಗ ನಿಂತೆ. "ಬರ್ರಿ ತಾತ, ಒಳಗ ಬರ್ರಿ," ಅಂದೆ. ಅವನನ್ನ ತಡದದ್ದು ಆ ಬಾಗ್ಲೋ, ನನ್ನ ಕೈಯಾಗಿನ ಕೊಡೋ, ನನಗ ಗೊತ್ತಾಗಲಿಲ್ಲ. ನನ್ನ ಮುಖ ನೋಡಿದ, ಕೊಡ ನೋಡಿದ, ಒಮ್ಮೆ ಹಿಂದಕ್ಕ ತಿರಗಿ ಊರ ದಂಡಿ ಕಡೆ ನೋಡಿದ. ಭಾಳ ಹೊತ್ತು ನಿಂತ. ನಾನೂ ನಿಂತೆ, ಕೊಡ ಇಳಸಲಿಲ್ಲ.

ಆಮ್ಯಾಲ ತಾತ ಹುಟ್ಟು ಗೋಡಿಗೆ ಆನಿಸಿ ಇಟ್ಟ, ಬಲಗಾಲು ಚಾಚಿದ. ನಾನು ನೀರು ಹಾಕಿದೆ.